ಲಾಭ, ಎರಡು, ಮೂರು

ದೆಂಕಣಿಕೋಟೆ ರಸ್ತೆಯ ಗುಲಾಬಿ ಶೆಡ್ಡಿನಲ್ಲಿ
ಫೆಬ್ರವರಿಗೆ ರಾತ್ರಿ ಇಲ್ಲ.
ಅರವತ್ತು ಸೆಂಟಿಮೀಟರಿನ ಕಡ್ಡಿ, ಮೊಗ್ಗಿಗೊಂದು ಬಲೆಯಂಗಿ,
ಇಪ್ಪತ್ತಕ್ಕೆ ಒಂದು ಕಟ್ಟು.
ಪೆಟ್ಟಿಗೆಯ ಮೇಲೆ ನಾನು ಕಾಣದ ಊರು:
ದುಬೈ, ಸಿಂಗಾಪುರ, ಆಕ್ಲೆಂಡ್.

ಎಣಿಸಲು ಕೂತರೆ ಬಾಯಿ ತಾನಾಗಿ
ಲಾಭ, ಅನ್ನುತ್ತದೆ. ಆಮೇಲೆ ಎರಡು, ಮೂರು.
ಅಜ್ಜಿ ರಾಗಿ ಅಳೆಯುತ್ತಿದ್ದದ್ದು ಹಾಗೆ.
ಮೊದಲ ಕೊಳಗಕ್ಕೆ ಒಂದು ಅನ್ನಬಾರದು,
ಅಂದರೆ ರಾಶಿ ಒಂದಕ್ಕೇ ನಿಂತುಬಿಡುತ್ತದಂತೆ.
ಆ ಕಣದ ಮೇಲೇ ಈಗ ಈ ಶೆಡ್ಡು.
ಅಜ್ಜಿಗೆ ಅಂಥ ಬೇಜಾರೇನಿಲ್ಲ,
ಕರೆಂಟು ಬಂತಲ್ಲ, ಅಂದಳು.

ಇಸ್ಕೂಲಿನಲ್ಲಿ ಒಣ್ಣು, ಸಂತೆಯಲ್ಲಿ ಒಕಟಿ.
ಬಾರ್‌ಕೋಡಿಗೆ ಯಾವುದೂ ಬೇಡ,
ಕೀಕ್ ಅಂದರೆ ಮುಗಿಯಿತು.
ಗುರುತಿನ ಚೀಟಿಯ ತಮಿಳಿನಲ್ಲಿ
ಪ, ಬ, ಭ ಒಂದೇ ಕಂಬಳಿಯಡಿ ಮಲಗುತ್ತವೆ;
ಹಾಜರಿ ಯಂತ್ರ ದಿನಾ ಕೂಗುತ್ತದೆ: ಪೈರವಿ, ತ್ಯಾಂಕ್ಯೂ.
ಭೈರವಿ ಅಂತ ತಿದ್ದಿಸಲು ಹೋಗಲಿಲ್ಲ.
ಪೈರು ಅಂದ ಹಾಗೆ ಕೇಳುತ್ತದೆ, ಕೆಟ್ಟದ್ದೇನಲ್ಲ.

ತಮ್ಮ ಮಾದೇಶ ರೀಲ್ಸಿನಲ್ಲಿ
ಕೊರಿಯಾದ ಹುಡುಗರಂತೆ ಎರಡು ಬೆರಳಲ್ಲಿ ಹೃದಯ ಮಾಡುತ್ತಾನೆ.
ಮಾತು ತಮಿಳು. ಬೈಯುವುದು ಮಾತ್ರ ಕನ್ನಡ.
ಅಷ್ಟಾದರೂ ಉಳಿಯಲಿ ಅಂತ
ಆಗಾಗ ಕೆಣಕುತ್ತೇನೆ.

ನನ್ನ ಪಕ್ಕ ಸಬಿತಾ, ಕೊರಾಪುಟ್ಟಿನವಳು, ಬಂದು ಮೂರು ವಾರ.
ನಮ್ಮಿಬ್ಬರ ನಡುವೆ ಇರುವುದು ಚೂರುಪಾರು ಹಿಂದಿ
ಮತ್ತು ಒಂದೇ ಕತ್ತರಿ.
ಕಲಿಯುವವಳು ಕೈ ನೋಡಬೇಕು, ಅವಳು ನನ್ನ ಬಾಯಿ ನೋಡುತ್ತಾಳೆ.

ಹನ್ನೆರಡಕ್ಕೆ ಗೇಟಿನಾಚೆ ರೆಡ್ಡೆಪ್ಪನ ಟೀ.
ನಾಲ್ಕು ಸ್ವೆಟರುಗಳ ಹಿಂದಿನಿಂದ ಒಂದು ಬೆರಳೆತ್ತಿ
ಸಬಿತಾ ಅಂದಳು: ಲಾಭ ಟೀ.
ಯಾರೋ ಕಿಸಕ್ಕೆಂದರು.
ರೆಡ್ಡೆಪ್ಪ ನಗಲಿಲ್ಲ. ಸೋಸುವ ಬಟ್ಟೆ ಹಿಡಿದ ಕೈ
ಒಂದು ಗಳಿಗೆ ತಡೆಯಿತು, ಆಮೇಲೆ
ಲೋಟವನ್ನು ಅಂಚಿನ ತನಕ ತುಂಬಿದ.

ಹಾಗಲ್ಲ, ಒಂದು ಅನ್ನಬೇಕು,
ಅಂತ ನಾನು ಹೇಳಿಕೊಡಬೇಕಿತ್ತು.
ಹೇಳಿಕೊಡಲಿಲ್ಲ.
ಬಿಸಿ ಲೋಟ ಸೆರಗಿನಲ್ಲಿ ಹಿಡಿದು ಸುಮ್ಮನೆ ನಿಂತೆ.

ನಿನ್ನೆ ಶೆಡ್ಡಿನ ಹಿಂದೆ, ಸೊಟ್ಟ ಕಡ್ಡಿಗಳ ಗುಡ್ಡೆಯ ಮೇಲೆ ಕೂತು
ಅವಳು ವಿಡಿಯೋದಲ್ಲಿ ಪುಟ್ಟ ತಂಗಿಗೆ
ಬಿಸಾಡಿದ ಹೂ ಎಣಿಸಿ ತೋರಿಸುತ್ತಿದ್ದಳು:
ಲಾಭ, ದುಇ, ತಿನಿ.
ಆ ಕಡೆಯಿಂದ ಒಂದು ಹಲ್ಲಿಲ್ಲದ ಬಾಯಿ
ಲಾಭ, ಅಂದಿತು.

ಬೆಳಗಿನ ಜಾವ ಮನೆಗೆ ಬಂದು ಅಜ್ಜಿಗೆ ಹೇಳಿದೆ.
ಒಲೆಯಿಂದ ಮುಖ ಎತ್ತದೆ ಕೇಳಿದಳು:
ಆ ಹುಡುಗಿಗೆ ಏಳರ ವಿಷಯ ಹೇಳಿದೆಯಾ?

ಏಳರ ವಿಷಯ
ನನಗೇ ಗೊತ್ತಿರಲಿಲ್ಲ.