ಕಳೆಯಬಹುದಾದದ್ದು

ಒಂಬತ್ತು ವರ್ಷ ಅವನು ಬೆರಳಿಟ್ಟಲ್ಲಿ ಸಹಿ ಹಾಕಿದೆ.
ಪಾಸ್‌ವರ್ಡು ಅವನ ಫೋನಿಗೆ ಬರುತ್ತಿತ್ತು,
ರೀಫಂಡು ನಮ್ಮಿಬ್ಬರ ಹೆಸರಿನ ಖಾತೆಗೆ, ಅಂದರೆ ಅವನಿಗೆ.
ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂದು
ಸರ್ಕಾರವನ್ನು ಬೈದು ಇಬ್ಬರೂ ನಗುತ್ತಿದ್ದೆವು
ಪ್ರತಿ ಅಕ್ಟೋಬರಿನಲ್ಲಿ, ಗೀಲಾಂಗಿನ ಅಡುಗೆಮನೆಯಲ್ಲಿ.

ಈ ಅಕ್ಟೋಬರಿನಲ್ಲಿ ಬೂಟಿನ ಡಬ್ಬಿ ನನ್ನ ತೊಡೆಯ ಮೇಲೆ.
ಒಳಗೆ ರಸೀದಿಗಳು: ವೃದ್ಧಾಶ್ರಮದ ರಾತ್ರಿಪಾಳಿಗೆಂದು ಕೊಂಡ
ಜಾರದ ಬೂಟು, ಲೋಗೋ ಹೊಲಿದ ಎರಡು ನೀಲಿ ಅಂಗಿ,
ಸೊಂಟ ಮುರಿದುಕೊಳ್ಳದೆ ಇನ್ನೊಬ್ಬರ ಮೈ ಎತ್ತುವುದನ್ನು ಕಲಿಸಿದ
ಒಂದು ದಿನದ ಕೋರ್ಸು.
ಅರ್ಧಕ್ಕರ್ಧ ಬೆಳ್ಳಗಾಗಿವೆ.

ಮಾಲಿನ ಎಸ್ಕಲೇಟರಿನ ಬುಡದಲ್ಲಿ, ಫೋನ್ ಕವರಿನ ಅಂಗಡಿಗೂ
ಹುಬ್ಬು ತೀಡುವ ಹುಡುಗಿಗೂ ನಡುವೆ ಒಬ್ಬನ ಮೇಜು.
ಹತ್ತೇ ನಿಮಿಷ ಅಂದ.
ಬಟ್ಟೆ ಒಗೆದದ್ದಕ್ಕೆ ನೂರೈವತ್ತು ಡಾಲರ್ ಹಾಕುತ್ತೇನೆ,
ಎಲ್ಲರಿಗೂ ಹಾಕುತ್ತೇನೆ, ಯಾರೂ ಕೇಳುವುದಿಲ್ಲ.
ನನ್ನನ್ನೂ ಕೇಳದೆ ಇನ್ನೊಂದು ಚೌಕಕ್ಕೆ ಟಿಕ್ ಒತ್ತಿದ:
ಸಂಗಾತಿ, ಇಡೀ ವರ್ಷ.
ಊದಿದ ಬೆರಳಿನಿಂದ ಬಿಚ್ಚಲಾಗದ ಉಂಗುರದ ಮೇಲೆ
ಅವನ ಕಣ್ಣು ಬಿದ್ದಿತ್ತೆಂದು ಆಮೇಲೆ ಹೊಳೆಯಿತು.
ಡಬ್ಬಿ ಮುಚ್ಚಿಕೊಂಡು ಎದ್ದೆ.

ನರಗುಂದಕರ್ ಇದ್ದಾರಲ್ಲ, ಅಂದಳು ತಾರಿಣಿ,
ನಮ್ಮವರು, ಕಡಿಮೆಗೆ ಮಾಡಿಕೊಡುತ್ತಾರೆ.
ನಮ್ಮವರು. ಅದೇ ತೊಂದರೆ.
ಯುಗಾದಿ ಊಟದ ಸಾಲಿನಲ್ಲಿ ಕೋಸಂಬರಿ ಬಡಿಸುತ್ತ
ಅವರು ಯಾರ ಸಂಬಳವನ್ನೂ ಬಾಯಿಬಿಟ್ಟು ಹೇಳುವುದಿಲ್ಲ,
ಕೆಲವರ ಎಲೆಯ ಮುಂದೆ ಸೌಟು ಮಾತ್ರ ಕೊಂಚ ತಡೆಯುತ್ತದೆ.

ಗಾಜಿನ ಕಚೇರಿಯಾಕೆ ಫೋನಿನಲ್ಲಿ: ಕಾಲುಗಂಟೆಗೆ ತೊಂಬತ್ತು.
ತೊದಲುವುದಕ್ಕೇ ನಲವತ್ತೈದು ಹೋದೀತೆಂದು ಇಟ್ಟುಬಿಟ್ಟೆ.

ರೈರಿ ಸ್ಟ್ರೀಟಿನಲ್ಲಿ, ಕೀಲಿ ಮಾಡುವವನ ಮಹಡಿಯಲ್ಲಿ,
ಹದಿನೇಳು ಮೆಟ್ಟಿಲು ಹತ್ತಿದರೆ ದೆಸ್ಪಿನಾ.
ಬಾಗಿಲಿಗೆ ಅಂಟಿಸಿದ ನೋಂದಣಿ ಸಂಖ್ಯೆಯನ್ನು
ಅಲ್ಲೇ ನಿಂತು ಫೋನಿನಲ್ಲಿ ಹುಡುಕಿದೆ.
ಒಳಗಿಂದ ನೋಡುತ್ತಿದ್ದಳು. ಒಳ್ಳೆಯದು, ಅಂದಳು,
ಹುಡುಕುವವರು ಕಡಿಮೆ.
ಎಪ್ಪತ್ತರ ಹತ್ತಿರ; ಕೊರಳ ದಾರಕ್ಕೆ ತೂಗುವ ಕನ್ನಡಕ.
ರಸೀದಿಗಳನ್ನು ಅಕ್ಕಿ ಆರಿಸಿದ ಹಾಗೆ ಆರಿಸಿದಳು.
ಬೂಟು ಆಗುತ್ತದೆ. ಕೋರ್ಸು ಆಗುತ್ತದೆ.
ಮನೆಯಿಂದ ಕೆಲಸಕ್ಕೆ ಬಸ್ಸು, ಇಲ್ಲ.
ಕಪ್ಪು ಪ್ಯಾಂಟು? ಯಾರದಾದರೂ ಮದುವೆಗೂ ಹಾಕಬಹುದು. ಇಲ್ಲ.
ಅಂಗಿ ವಾರಕ್ಕೆ ಎಷ್ಟು ಸಲ ಒಗೆಯುತ್ತಿ?
ಎರಡು ಸಲ, ಅಂದೆ. ರಜೆಯ ನಾಲ್ಕು ವಾರ ಬಿಟ್ಟು ಎಣಿಸಿದಳು:
ತೊಂಬತ್ತಾರು ಡಾಲರ್.
ಬೆಳ್ಳಗಾದ ಚೀಟಿಯೊಂದನ್ನು ದೀಪಕ್ಕೆ ಹಿಡಿದು, ವಾರೆ ಮಾಡಿ,
ಇಲ್ಲದ ಅಂಕಿಯನ್ನು ನಾನು ಓದಲಾರೆ ಎಂದು ಬದಿಗಿಟ್ಟಳು.
ಇಷ್ಟೊಂದು ಇಲ್ಲಗಳನ್ನು ಕೇಳಿ
ಎದೆ ಯಾಕೆ ಹಗುರವಾಯಿತೋ.

ಆಮೇಲೆ ಆ ಪ್ರಶ್ನೆ.
ಸಂಗಾತಿ ಇದ್ದರೇ? ಇಡೀ ವರ್ಷವೇ?
ಅಲ್ಲವಾದರೆ, ಎಂದಿನಿಂದ ಎಂದಿನವರೆಗೆ?

ಸೂಟ್‌ಕೇಸು ಹೋದದ್ದು ಫೆಬ್ರವರಿ ಹನ್ನೊಂದು.
ಆದರೆ ಹಾಲು ಒಂದೇ ಲೀಟರು ತರತೊಡಗಿದ್ದು ನವೆಂಬರಿನಲ್ಲಿ.
ಹೆಸರು ಹಿಡಿದು ಕರೆಯುವುದು ನಿಂತದ್ದು ಅದಕ್ಕೂ ಹಿಂದೆ ಎಂದೋ,
ಈ ಆರ್ಥಿಕ ವರ್ಷದೊಳಗೇ ಬರುವುದಿಲ್ಲ.

ದೆಸ್ಪಿನಾ ಪೆನ್ನು ಕೆಳಗಿಟ್ಟಳು.
ಕೆಳಗಡೆ ಕೀಲಿ ಕೊರೆಯುವ ಯಂತ್ರ
ಒಮ್ಮೆ ಕಿರುಚಿ ಸುಮ್ಮನಾಯಿತು.
ಕಾಲುಗಂಟೆಯೇ ಆಗಿರಬಹುದು.
ಅವರಿಗೆ ಒಂದು ತಾರೀಕು ಸಾಕು, ಅಂದಳು ಕೊನೆಗೆ,
ಮಿಕ್ಕವು ನಿನ್ನವೇ.
ಹನ್ನೊಂದು, ಅಂದೆ.

ಫೀಸು ನೂರ ತೊಂಬತ್ತೆಂಟು.
ರಸೀದಿಯನ್ನು ಕೈಯಲ್ಲೇ ಬರೆದಳು, ಮಾಸದ ಇಂಕಿನಲ್ಲಿ.
ಇದನ್ನೂ ಡಬ್ಬಿಗೆ ಹಾಕಿಕೋ,
ಮುಂದಿನ ವರ್ಷ ಕಳೆಯಬಹುದು.

ಅವಳು ಇಂಗ್ಲಿಷಿನಲ್ಲಿ ಹೇಳಿದ್ದು ಬರೀ ಲೆಕ್ಕ.
ಮೆಟ್ಟಿಲಿಳಿಯುತ್ತ ಕನ್ನಡದಲ್ಲಿ ಇನ್ನೊಮ್ಮೆ ಹೇಳಿಕೊಂಡೆ:
ಮುಂದಿನ ವರ್ಷ. ಕಳೆಯಬಹುದು.

ಬಸ್ಸಿಗೆ ಇನ್ನೂ ಹನ್ನೆರಡು ನಿಮಿಷವಿತ್ತು.
ಅಂಗಡಿಯ ಗಾಜಿನೊಳಗೆ ಹಿತ್ತಾಳೆಯ ಕೀಲಿಗಳು,
ಇನ್ನೂ ಯಾವ ಬಾಗಿಲಿಗೂ ಹಲ್ಲು ಮೂಡದವು,
ಸಾಲಾಗಿ ತೂಗುತ್ತಿದ್ದವು. ಬೆಲೆ ಕೇಳಿಕೊಂಡು ಬಂದೆ.