ಸ್ಟೀರಿಂಗ್ ಮೂಗಿ ಎಂದು ಬರೆದಿದ್ದ

"ಸ್ಟೀರಿಂಗ್ ಮೂಗಿ. ರಸ್ತೆಯ ಸುದ್ದಿ ಕೈಗೆ ಮುಟ್ಟಿಸುವುದಿಲ್ಲ.
ಸಸ್ಪೆನ್ಷನ್ ಹಲ್ಲು ಅಲುಗಿಸುತ್ತದೆ.
ಚಳಿಯಲ್ಲಿ ಎರಡನೇ ಗೇರು
ಸಾಲ ಕೇಳಿಸಿಕೊಂಡ ನೆಂಟನ ಹಾಗೆ ಮುಖ ತಿರುಗಿಸುತ್ತದೆ.
ಹಿಂದೆ ಸೀಟು ಇದೆ ಎಂಬುದು ಬರೀ ವದಂತಿ.
ಐದರಲ್ಲಿ ಮೂರು ನಕ್ಷತ್ರ."

ಹನ್ನೊಂದು ವರ್ಷ ಹಳೆಯ ಆ ಪುಟ
ಬಾಲಾ ಕೆರೆಯ ದಂಡೆಯ ಚಹಾದಂಗಡಿಯಲ್ಲಿ
ಕಕ್ಕಸಿನ ಬಾಗಿಲ ಒಳಮೈಗೆ ಅಂಟಿಕೊಂಡಿದೆ,
ಕೂತವರು ಕೂತಷ್ಟು ಹೊತ್ತು ಓದಿ ಬೈಯಲಿಕ್ಕೆ.

ತಿಂಗಳ ಮೊದಲ ಭಾನುವಾರ ಸೇರುತ್ತೇವೆ,
ವೇಲ್ಸಿನಲ್ಲಿ ಉಳಿದಿರುವ ವರೆಲ್ಲಾ ಕಾರುಗಳು ಎಂಟು.
ಕಂಪನಿ ಮುಚ್ಚಿದೆ. ಬಿಡಿಭಾಗ ಸಿಗುವುದಿಲ್ಲ.
ಒಬ್ಬನ ಕಾರು ಸತ್ತರೆ
ಉಳಿದವರದು ಒಂದಿಷ್ಟು ಬದುಕುತ್ತದೆ.

ದಂತವೈದ್ಯ ಇದ್ವಲ್ ಬಾಯಿ ತೆರೆದು ತೋರಿಸುತ್ತಾನೆ:
ಲಕ್ಷ ಮೈಲಿ! ಒಂದಾದರೂ ಹಲ್ಲು ಸಡಿಲವಾಗಿದೆಯೇ, ನೋಡಿ.
ಕುರಿ ಸಾಕುವ ಟೇಗಿಡ್: ಹಿಂದಿನ ಸೀಟು ವದಂತಿಯೇ?
ಮಾರ್ಚಿಯ ಹಿಮದಲ್ಲಿ ಅವಳಿ ಮರಿಗಳನ್ನೂ ತಾಯಿಯನ್ನೂ
ಅಲ್ಲೇ ಕೂರಿಸಿಕೊಂಡು ತಂದೆ. ತಾಯಿ ಸ್ವಲ್ಪ ಗೊಣಗಿತು, ಅಷ್ಟೆ.
(ವಾಸನೆಯ ಮಾತು ಬೇರೆ.)
ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದ ಗ್ವೆರ್ವಿಲ್
ಚಹಾ ಕೆಳಗಿಟ್ಟೇ ಮಾತಾಡುವುದು:
ಅವನು ಓಡಿಸಿದ್ದೆಲ್ಲಿ? ಸ್ಪೇನಿನಲ್ಲಿ. ಎರಡು ದಿನ.
ಟೈರು ಕಂಪನಿಯದು, ಪೆಟ್ರೋಲು ಕಂಪನಿಯದು,
ರಾತ್ರಿಯ ವೈನೂ ಕಂಪನಿಯದೇ.
ಒಂದು ಕಂತೂ ಕಟ್ಟದವನ ಹತ್ತಿರ
ಸ್ಟೀರಿಂಗ್ ಯಾಕೆ ಮಾತಾಡಬೇಕು?

ಹೆತ್ತವರಿಗೆ ಹೆಗ್ಗಣ ಮುದ್ದು, ಅನ್ನುತ್ತೀರಿ.
ನಾವು ಹೆತ್ತದ್ದಲ್ಲ ಸ್ವಾಮಿ, ಕೊಂಡದ್ದು.
ಕೊಂಡ ಹೆಗ್ಗಣ ಇನ್ನೂ ಮುದ್ದು.

ಹೋದ ಅಕ್ಟೋಬರಿನಲ್ಲಿ ಅವನೇ ಬಂದ.
ಬೂದು ಬಣ್ಣದ ಬಾಡಿಗೆ ಕಾರು, ತೆಳ್ಳಗಾದ ಕೂದಲು.
ಪತ್ರಿಕೆ ನಿಂತುಹೋಗಿದೆಯಂತೆ.
ಕೈಕುಲುಕಿದ. ಕಕ್ಕಸು ಎಲ್ಲಿ ಎಂದು ಕೇಳಿದ.
ಎಂಟು ಜನ ಚಮಚ ಅಲ್ಲಾಡಿಸದೆ ಕೂತೆವು.
ಬಹಳ ಹೊತ್ತು.
ಹೊರಗೆ ಬಂದವನು ಕೈ ಒರೆಸಿಕೊಳ್ಳುತ್ತ,
"ಮೂರನೇ ಸಾಲಿನಲ್ಲಿ ಒಂದು ಅಲ್ಪವಿರಾಮ ಬಿಟ್ಟಿದ್ದೇನೆ" ಅಂದ.

ಕೀಲಿ ನಾನೇ ಕೊಟ್ಟೆ. ಯಾಕೋ.
ಮಿಗ್ನೈಂಟಿನ ಬೋಳು ಬಯಲ ಮೇಲೆ ಹತ್ತಿದೆವು,
ರಸ್ತೆಯ ನಡುವೆ ಮಲಗಿದ್ದ ಕುರಿಗಳು ಎದ್ದು ದಾರಿ ಬಿಟ್ಟವು.
ಚೆನ್ನಾಗಿ ಓಡಿಸಿದ. ಸುಳ್ಳು ಯಾಕೆ, ನನಗಿಂತ ಚೆನ್ನಾಗಿ.
ತಿರುವು ಬರುವ ಮುಂಚೆ ಅವನ ಭುಜಕ್ಕೆ ಗೊತ್ತಾಗುತ್ತಿತ್ತು.

ನನ್ನ ಕಾರಿನ ಎಡಗಡೆ ಸೀಟಿನಲ್ಲಿ
ನಾನು ಕೂತದ್ದು ಅದೇ ಮೊದಲು.
ಆ ಬಾಗಿಲು ಕಿರುಗುಡುತ್ತದೆ, ಸಣ್ಣಗೆ, ಒಂದೇ ಸಮನೆ,
ಹಲ್ಲುನೋವಿನ ಮಗು ರಾತ್ರಿ ನರಳಿದ ಹಾಗೆ.
ಹನ್ನೊಂದು ವರ್ಷ ಅಲ್ಲಿ ಕೂತವಳು ಮಾರ್ಗೆಡ್.
ಒಂದು ನಕ್ಷತ್ರವನ್ನೂ ಕಿತ್ತುಕೊಂಡಿರಲಿಲ್ಲ.

ಮರಳಿ ಬಂದು ಕೀಲಿ ಮೇಜಿನ ಮೇಲಿಟ್ಟು,
"ಈಗಲೂ ಮೂಗಿಯೇ" ಅಂದ.
ಎಂಟು ಬಾಯಿ ಒಮ್ಮೆಗೇ ಬೈದವು.
ಅವನ ಚಹಾದ ದುಡ್ಡು ಟೇಗಿಡ್ ಕೊಟ್ಟ.

ಸಂಜೆ ಒಬ್ಬನೇ ಇಳಿದು ಬರುವಾಗ
ಚಾಪೆಲಿನ ತಿರುವಿನಲ್ಲಿ ಬೆರಳು ಸಡಿಲಿಸಿ ಕಾದೆ.
ಜಲ್ಲಿ, ತೊರೆಯ ನೀರು, ದನ ದಾಟದ ಹಾಗೆ ಹಾಸಿದ ಕಂಬಿಗಳು,
ಎಲ್ಲ ಬಂತು. ಬೆನ್ನಿಗೆ ಬಂತು, ಕಿವಿಗೆ ಬಂತು,
ತೊಡೆಗೂ ಬಂತು.
ಅಂಗೈಗೆ ಏನೂ ಬರಲಿಲ್ಲ.
ಇದನ್ನು ಆ ಏಳು ಜನಕ್ಕೆ ಹೇಳಿಲ್ಲ, ಹೇಳುವುದೂ ಇಲ್ಲ.

"ಏನಂದ ಆತ?" ಮಾರ್ಗೆಡ್ ಕೇಳಿದಳು.
"ತಪ್ಪಾಯಿತು ಅಂದ."
ದೀಪ ಹಿಡಿದು, ಎಣ್ಣೆಯ ಡಬ್ಬಿ ಹಿಡಿದು
ಎಡ ಬಾಗಿಲಿನ ಹತ್ತಿರ ಮಂಡಿಯೂರಿದೆ.
ಶಾಲು ಹೊದ್ದು ಹೊಸಿಲಲ್ಲೇ ನಿಂತು ನೋಡಿದಳು.
"ಅದನ್ನು ಯಾಕೆ ಈಗ," ಅಂದಳು,
"ರೂಢಿಯಾಗಿತ್ತಲ್ಲ."