ಒಂದು ಲೋಟ ನೀರು

ಕೊಳ್ಳಲು ಬಂದಾಕೆ ಬೆರಳ ಗೆಣ್ಣಿನಿಂದ
ಹಲಗೆ ಹಲಗೆ ತಟ್ಟಿದಳು, ಕಿವಿಯಿಟ್ಟು.
ಐವತ್ತೆಂಟರ ದೋಣಿ, ಓಕ್ ಪಕ್ಕೆಲುಬು, ತಾಮ್ರದ ಮೊಳೆ,
ಎಂಜಿನ್ನಿಗೆ ಎಣ್ಣೆ ಬದಲಿಸಿದ ತಾರೀಖು ಸಮೇತ
ಒಂದೇ ಉಸಿರಿಗೆ ಒಪ್ಪಿಸಿದ ತೊರ್ಲೈಫ್, ಮಗ್ಗಿಯ ಹಾಗೆ.

ವಸಂತ ಬಂತೆಂದರೆ ಅದಕ್ಕೆ ಏಳು ಕೋಟು ವಾರ್ನಿಷ್.
ನಮ್ಮ ಅಡುಗೆಮನೆ ಬಾಗಿಲಿಗೆ
ಮದುವೆಯಾದ ವರ್ಷದ ಬಣ್ಣವೇ.

ಒಂದು ಐಬಿದೆ, ಅಂದ, ದನಿ ತಗ್ಗಿಸಿ.
ದಿನಕ್ಕೊಂದು ಲೋಟ ನೀರು ಒಳಗೆ ಬರುತ್ತದೆ.
ಎಲ್ಲಿಂದಲೋ.
ಮೂವತ್ತು ವರ್ಷ ಹುಡುಕಿದೆ.

ಆಕೆ ನಕ್ಕಳು. ಬೆಲೆ ಇಳಿಸಲಿಲ್ಲ.

ರಿಸ್ಯೋರಿನ ಕಟ್ಟೆ ಬಿಟ್ಟು ದೋಣಿ ತಿರುಗಿದಾಗ
ಅವನು ಉಜ್ಜಿದ ಹಿತ್ತಾಳೆಯಲ್ಲಿ
ನಾವಿಬ್ಬರೂ ಕಡ್ಡಿಯಷ್ಟಾದೆವು.

ರಾತ್ರಿ ಮೂರಕ್ಕೆ ಮಗ್ಗುಲು ಖಾಲಿ.
ಕೆಳಗೆ, ಬರಿಗಾಲಲ್ಲಿ ನಿಂತಿದ್ದಾನೆ,
ಕೈಯಲ್ಲಿ ಲೋಟ,
ಒಣ ನೆಲ ನೋಡುತ್ತ.

ಬಾಗಿಲಿದೆಯಲ್ಲ, ಅಂದೆ.